ಕಾಲೇಜು ಮುಗಿದ ಮೇಲೂ ಅವಳು ನಿಮ್ಮ ಅಕ್ಕನೇನಾ?

ಪಾಡ್‌ಕಾಸ್ಟ್ ಓದು: ಜೋಯಿಡಾ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದು, ಹಳಿಯಾಳದಲ್ಲಿ ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಮುಗಿಸಿ, ಈಗ ಮುಂಡಗೋಡ ತಾಲ್ಲೂಕಿನಲ್ಲಿ ಅತಿಥಿ ಶಿಕ್ಷಕಿಯಾಗಿರುವವರೊಬ್ಬರು ಈ ಕಂತಿನಲ್ಲಿ ಮಾತಾಡಿದ್ದಾರೆ. ಕೇಳಲು ಸಮಯವಿಲ್ಲದವರಿಗಾಗಿ ಅದರ ಬರಹ ರೂಪ ಇಲ್ಲಿದೆ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.

ಎಲ್ಲರಿಗೂ ನಮಸ್ಕಾರ. ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೆ, ಹಾಸ್ಟೆಲ್ ಟೆರೇಸ್ ಮೇಲೆ ನೆಟ್‌ವರ್ಕ್ ಹುಡುಕ್ತಾ ನಿಂತವರಿಗೆ, ಮನೇಲಿ ರೊಟ್ಟಿ ಬಡಿತಾ ಫೋನನ್ನ ಡಬ್ಬಿಗೆ ಆನಿಸಿಟ್ಟು ಕೇಳ್ತಿರೋರಿಗೆ, ಎಲ್ಲರಿಗೂ.

ಕಳೆದ ತಿಂಗಳು ನನ್ನ ಶಾಲೆಯ ಹತ್ತನೇ ಕ್ಲಾಸಿನ ಹುಡುಗಿ ಒಬ್ಬಳು ಒಂದು ಪ್ರಶ್ನೆ ತಂದಳು. ಫೋನಲ್ಲಿ ಯಾವುದೋ ಇಂಗ್ಲಿಷ್ ಸಿನಿಮಾ ನೋಡಿದ್ಲಂತೆ. 'ಟೀಚರ್, ಸೊರೊರಿಟಿ ಅಂದ್ರೆ ಏನ್ರಿ? ದೊಡ್ಡ ಬಂಗಲೆ, ಎಲ್ಲಾ ಹುಡುಗೀರು ಒಂದೇ ಬಣ್ಣದ ಬಟ್ಟೆ ಹಾಕ್ಕೊಂಡು ಸಿಸ್ಟರ್ ಸಿಸ್ಟರ್ ಅಂತಾರೆ. ನಮ್ಮ ಕಡೆ ಕಾಲೇಜಲ್ಲಿ ಅಂಥಾದ್ದು ಯಾಕಿಲ್ಲ?'

ನಾನು ನಕ್ಕು, 'ಇಲ್ಲ ಅಂತ ಯಾರು ಹೇಳಿದ್ರು?' ಅಂದೆ. ಅಂದ್ಬಿಟ್ಟೆ, ಆದ್ರೆ ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ನಿಜವಾಗಿ ಇದೆಯಾ? ಇದ್ರೆ, ಅದು ಎಷ್ಟು ದಿನ ಇರುತ್ತೆ? ಇವತ್ತಿನ ಮಾತು ಅದರ ಬಗ್ಗೆ. ನಡುವೆ ನನ್ನದೇ ಒಂದು ತಪ್ಪನ್ನೂ ಹೇಳ್ತೇನೆ. ಅದನ್ನ ಹೇಳದೇ ಇದ್ರೆ ಉಳಿದದ್ದೆಲ್ಲ ಬರೀ ಭಾಷಣ ಆಗುತ್ತೆ.

ಮೊದಲು, ಸೊರೊರಿಟಿ ಅಂದ್ರೆ ಏನು

ಅಮೆರಿಕದಲ್ಲಿ ಹುಡುಗಿಯರು ಕಾಲೇಜಿಗೆ ಬರೋಕೆ ಶುರು ಮಾಡಿದ ಹೊಸತು. ಇಡೀ ಕಾಲೇಜಲ್ಲಿ ಬೆರಳೆಣಿಕೆಯಷ್ಟು ಹುಡುಗಿಯರು. ಹುಡುಗರಿಗೆ ತಮ್ಮದೇ ಸಂಘಗಳಿದ್ದವು, ಅದಕ್ಕೆ ಇವರನ್ನ ಸೇರಿಸ್ತಿರಲಿಲ್ಲ. ಆಗ 1870ರಲ್ಲಿ ಇಂಡಿಯಾನಾ ರಾಜ್ಯದ ಒಂದು ಕಾಲೇಜಲ್ಲಿ ನಾಲ್ಕು ಜನ ಹುಡುಗಿಯರು ಸೇರಿ ಕಪ್ಪಾ ಆಲ್ಫಾ ಥೀಟಾ ಅಂತ ತಮ್ಮದೇ ಸಂಘ ಕಟ್ಟಿದರು. ಇಂಥ ಸಂಘಕ್ಕೆ ಸೊರೊರಿಟಿ ಅನ್ನೋ ಪದ ಬಳಕೆಗೆ ಬಂದದ್ದು ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ. ಲ್ಯಾಟಿನ್‌ನಲ್ಲಿ ಸೊರೊರ್ ಅಂದ್ರೆ ಅಕ್ಕತಂಗಿ. ಅಷ್ಟೇ ಅದರ ಅರ್ಥ.

ಅಂದ್ರೆ ಅದು ಶುರುವಾಗಿದ್ದು ಬಂಗಲೆಯಿಂದ ಅಲ್ಲ. ಒಬ್ಬಳೇ ಇದ್ರೆ ಇಲ್ಲಿ ಉಳಿಯೋಕಾಗಲ್ಲ ಅನ್ನೋ ಭಯದಿಂದ.

1908ರಲ್ಲಿ ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿನಿಯರು ಆಲ್ಫಾ ಕಪ್ಪಾ ಆಲ್ಫಾ ಕಟ್ಟಿದರು. ಕಮಲಾ ಹ್ಯಾರಿಸ್ ಅಲ್ಲಿ ಓದುವಾಗ ಸೇರಿದ್ದು ಇದೇ ಸಂಘಕ್ಕೆ. ಇವರ ಒಂದು ಕೆಲಸ ನನಗೆ ತುಂಬ ಇಷ್ಟ. 1935ರಿಂದ 1942ರವರೆಗೆ, ಬೇಸಿಗೆ ಬಂದಾಗೆಲ್ಲ, ಈ ಸಂಘದ ಹೆಂಗಸರು ಮಿಸಿಸಿಪ್ಪಿಯ ಹತ್ತಿ ತೋಟಗಳ ಕಡೆ ಹೋಗಿ ಬಡ ಕೂಲಿಕಾರರಿಗೆ ಆರೋಗ್ಯ ಶಿಬಿರ ನಡೆಸಿದರು. ಕೂಲಿಕಾರರು ಶಿಬಿರಕ್ಕೆ ಬರೋದಕ್ಕೆ ಅಡ್ಡಿ ಬಂದಾಗ ಕಾರಲ್ಲಿ ಔಷಧಿ ತುಂಬ್ಕೊಂಡು ತಾವೇ ತೋಟಗಳಿಗೆ ಹೋದರು. ಅವರೆಲ್ಲ ವಿದ್ಯಾರ್ಥಿನಿಯರಲ್ಲ. ಓದು ಮುಗಿಸಿ ಡಾಕ್ಟರ್, ನರ್ಸ್, ಟೀಚರ್ ಆದವರು. ಕಾಲೇಜು ಮುಗಿದ್ರೂ ಸಂಘ ಮುಗಿದಿರಲಿಲ್ಲ. ಈ ಮಾತನ್ನ ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ನಮ್ಮ ಕಡೆಗೂ ಇದು ಹೊಸದಲ್ಲ. ಹಳಿಯಾಳದಿಂದ ಒಂದು ಬಸ್ ಹತ್ತಿದ್ರೆ ಧಾರವಾಡ. ಅಲ್ಲಿ 1928ರಲ್ಲಿ ಭಾಗೀರಥಿಬಾಯಿ ಪುರಾಣಿಕ ಅವರು ವನಿತಾ ಸೇವಾ ಸಮಾಜ ಶುರು ಮಾಡಿದರು. ಚಿಕ್ಕ ವಯಸ್ಸಲ್ಲೇ ವಿಧವೆಯಾದವರು ಅವರು. ತನ್ನಂಥ ಹೆಂಗಸರು ಒಟ್ಟಿಗಿದ್ದು ಕಲಿಯಲಿ ಅಂತ ಒಂದು ಸೂರು ಮಾಡಿದರು. ಗ್ರೀಕ್ ಅಕ್ಷರದ ಹೆಸರಿಲ್ಲ ಅನ್ನೋದು ಬಿಟ್ರೆ ಕೆಲಸ ಅದೇ ತಾನೆ?

ಆರಿಸಿಕೊಳ್ಳದ ಅಕ್ಕತಂಗಿಯರು

ಈಗ ನನ್ನ ಹಾಸ್ಟೆಲ್ಲಿಗೆ ಬರೋಣ. 2016ರಲ್ಲಿ ನಾನು ಬಿ.ಎ.ಗೆ ಸೇರಿದೆ. ನಮ್ಮೂರು ಜೋಯಿಡಾ ಕಾಡಿನ ಒಳಗೆ. ಮನೆಗೂ ಮನೆಗೂ ನಡುವೆ ಒಂದೊಂದು ಗದ್ದೆ. ದಿನಾ ಓಡಾಡಿ ಡಿಗ್ರಿ ಓದೋ ಮಾತೇ ಇಲ್ಲ. ಹಾಸ್ಟೆಲ್ ಸೀಟ್ ಸಿಕ್ಕಿದ್ರೆ ಓದು, ಇಲ್ಲದಿದ್ರೆ ಇಲ್ಲ. ಜೋಯಿಡಾ ಕಡೆಯ ಎಷ್ಟೋ ಹುಡುಗಿಯರಿಗೆ ಇವತ್ತೂ ಲೆಕ್ಕ ಇಷ್ಟೇ.

ಸೊರೊರಿಟಿಗೂ ನಮ್ಮ ಸರ್ಕಾರಿ ಹಾಸ್ಟೆಲ್ಲಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಯಾರು ತಂಗಿ ಆಗಬೇಕು ಅಂತ ಅಕ್ಕಂದಿರು ಆರಿಸ್ತಾರೆ. ಆರಿಸೋದು ಅಂದ ಮೇಲೆ ಬಿಡೋದೂ ಇರುತ್ತೆ. 2013ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಬಿಳಿಯರ ಸೊರೊರಿಟಿಗಳು ಕಪ್ಪು ಹುಡುಗಿಯರನ್ನ ಹೊರಗಿಡ್ತಿವೆ ಅಂತ ಅಲ್ಲಿನ ವಿದ್ಯಾರ್ಥಿಗಳ ಪತ್ರಿಕೆಯೇ ಬರೀತು. ದೇಶ ತುಂಬಾ ಗಲಾಟೆಯಾದ ಮೇಲೆ ಬಾಗಿಲು ತೆಗೆದರು. ಗಮನಿಸಿ, 1913 ಅಲ್ಲ, 2013.

ನಮ್ಮಲ್ಲಿ ನಮ್ಮನ್ನ ಆರಿಸಿದ್ದು ಒಂದು ಪಟ್ಟಿ. ಮಾರ್ಕ್ಸ್ ಇಷ್ಟು, ಕೆಟಗರಿ ಇದು, ರೂಮ್ ನಂಬರ್ ಇದು. ನನ್ನ ರೂಮಲ್ಲಿ ನಾಲ್ಕು ಜನ. ನನ್ನ ಮನೆ ಮಾತು ಕೊಂಕಣಿ, ನಾವು ಕುಣಬಿಗಳು. ಕಿಟಕಿ ಹತ್ತಿರದವಳು ಹಳಿಯಾಳ ತಾಲ್ಲೂಕಿನ ಗೌಳಿವಾಡದವಳು, ಅವರ ಮನೇಲಿ ಮರಾಠಿ. ಮೂರನೆಯವಳು ಸಿದ್ದಿ ಹುಡುಗಿ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರ ಕೇರಿಯಿಂದ ಡಿಗ್ರಿಗೆ ಬಂದ ಮೊದಲ ಹುಡುಗಿ ಇವಳೇ. ನಾಲ್ಕನೆಯವಳು ದಾಂಡೇಲಿ ಪೇಪರ್ ಮಿಲ್ ಕಾಲೊನಿ ಕಡೆಯವಳು, ಮನೇಲಿ ಉರ್ದು. ನಾಲ್ಕು ಮಂಚ, ನಾಲ್ಕು ಮಾತು. ಜಗಳ ಆಡೋಕೂ ಕನ್ನಡವೇ ಬೇಕಾಗಿತ್ತು. ನನ್ನ ಕನ್ನಡ ಸರಿಯಾಗಿದ್ದೇ ಜಗಳದಿಂದ, ನಿಜ ಹೇಳ್ತೇನೆ.

ಮೊದಲ ತಿಂಗಳು ನಾವು ಯಾರೂ ಗೆಳತಿಯರಾಗಿರಲಿಲ್ಲ. ನನ್ನ ಮನಸ್ಸಲ್ಲೂ ಕೆಟ್ಟ ವಿಚಾರಗಳಿದ್ದವು. ನೀರಿನ ಬಾಟಲಿ ಬೇರೆ ಇಡ್ತಿದ್ದೆ. ಡಿಸೆಂಬರ್ ಚಳಿ ಬಂತು. ಸಿದ್ದಿ ಗೆಳತಿಯ ಹತ್ತಿರ ಅವಳ ಅವ್ವ ಹೊಲಿದ ಕೌದಿ ಇತ್ತು. ಹಳೇ ಸೀರೆ, ಲಂಗದ ತುಂಡುಗಳನ್ನ ಸೇರಿಸಿ ಹೊಲಿದದ್ದು, ಇಬ್ಬರು ಹೊದೆಯುವಷ್ಟು ದೊಡ್ಡದು. ನನ್ನ ಹತ್ತಿರ ತೆಳ್ಳಗಿನ ಒಂದು ಶಾಲು. ಒಂದು ರಾತ್ರಿ ಅವಳು ಏನೂ ಕೇಳಲಿಲ್ಲ, ಮಂಚ ಎಳೆದು ನನ್ನ ಮಂಚಕ್ಕೆ ತಾಗಿಸಿ, ಅರ್ಧ ಕೌದಿ ನನ್ನ ಮೇಲೆ ಹಾಕಿ ಮಲಗಿಬಿಟ್ಟಳು. ಮರುದಿನದಿಂದ ಬಾಟಲಿ ಬೇರೆ ಇಡೋದು ನಿಂತಿತು.

ನಾನೇ ಆರಿಸೋ ಹಾಗಿದ್ರೆ ಈ ಮೂವರನ್ನ ಯಾವತ್ತೂ ಆರಿಸ್ತಿರಲಿಲ್ಲ. ನಾನು ಕಲಿತ ದೊಡ್ಡ ಪಾಠ ಅದೇ.

ನಾಯಕತ್ವ ಅಂದ್ರೆ ಒಂದು ನೋಟ್‌ಬುಕ್

ನಾಯಕತ್ವ ಅಂದಕೂಡ್ಲೇ ನಮಗೆ ಮೈಕ್ ನೆನಪಾಗುತ್ತೆ. ನನಗೆ ನೆನಪಾಗೋದು 40 ಪುಟದ ಒಂದು ನೋಟ್‌ಬುಕ್.

ನಮ್ಮ ಹಾಸ್ಟೆಲ್‌ನಲ್ಲಿ ಬೇಸಿಗೆಗೆ ನೀರು ಬರ್ತಿರಲಿಲ್ಲ. ದೂರು ಹೇಳಿದ್ರೆ 'ಬರುತ್ತೆ, ಅಡ್ಜಸ್ಟ್ ಮಾಡ್ಕೊಳ್ರಿ' ಅನ್ನೋ ಉತ್ತರ. ಫೈನಲ್ ಇಯರ್ ಅಕ್ಕ ಒಬ್ಬಳಿದ್ದಳು. ಇವಳು ಮುಂದೆ ಮತ್ತೆ ಬರ್ತಾಳೆ, ಹೆಸರು ಹೇಳಲ್ಲ, ಅಕ್ಕ ಅಂತಲೇ ಕರೀತೇನೆ. ಅವಳು ಅಂದಳು: 'ಕೂಗಾಡಿದ್ರೆ ಹುಡುಗೀರು ಕೂಗ್ತಾರೆ ಅಂತಾರೆ. ಬರೆದಿಡೋಣ.' ಹನ್ನೆರಡು ದಿನ ಬರೆದೆವು. ಎಷ್ಟು ಗಂಟೆಗೆ ನೀರು ಬಂತು, ಎಷ್ಟು ಬಕೆಟ್, ಎಷ್ಟು ಜನ ಸ್ನಾನ ಇಲ್ಲದೇ ಕಾಲೇಜಿಗೆ ಹೋದ್ರು, ಮುಟ್ಟಿನ ದಿನ ಎಷ್ಟು ಜನ ಮನೆಗೆ ಹೋಗಬೇಕಾಯ್ತು. ಎಲ್ಲ ತಾರೀಖಿನ ಸಮೇತ.

ತಾಲ್ಲೂಕು ಅಧಿಕಾರಿ ಹಾಸ್ಟೆಲ್ಲಿಗೆ ಬಂದ ದಿನ ಅಕ್ಕ ಆ ನೋಟ್‌ಬುಕ್ ನನ್ನ ಕೈಗೆ ಕೊಟ್ಟಳು. 'ನೀನೇ ಓದು' ಅಂದಳು. ನನಗೆ ಕೈ ನಡುಗ್ತಿತ್ತು. ಕನ್ನಡ ತಪ್ಪಿದ್ರೆ ನಗ್ತಾರೆ ಅನ್ನೋ ಭಯ. 'ತಪ್ಪಿದ್ರೆ ತಪ್ಪಲಿ, ಲೆಕ್ಕ ತಪ್ಪಬಾರದು' ಅಂದಳು. ಓದಿದೆ. ಎರಡು ವಾರದಲ್ಲಿ ಮೋಟಾರ್ ರಿಪೇರಿ ಆಯ್ತು, ಇನ್ನೊಂದು ಟ್ಯಾಂಕ್ ಬಂತು.

ಆಮೇಲೆ ಕೇಳಿದೆ, 'ಅಕ್ಕಾ, ನೀನೇ ಓದಬಹುದಿತ್ತಲ್ಲ, ನಿನಗೆ ಚೆನ್ನಾಗಿ ಬರುತ್ತೆ.' ಅವಳು ಹೇಳಿದ್ದು ಇಷ್ಟೇ: 'ನಾನು ಮೇ ತಿಂಗಳಿಗೆ ಹೋಗ್ತೇನೆ. ಮುಂದಿನ ಬೇಸಿಗೆಗೆ ಯಾರು ಓದ್ತಾರೆ?'

ಇದೇ ತರದ್ದು ನಮ್ಮ ಮುಂಡಗೋಡದಲ್ಲೂ ಇದೆ, ನಾವು ಗಮನಿಸಿಲ್ಲ ಅಷ್ಟೇ. 1966ರಲ್ಲಿ ಅಲ್ಲಿ ಟಿಬೆಟನ್ನರ ವಸತಿ ಶುರುವಾಯ್ತು. ಮಠಗಳನ್ನ ನೋಡೋಕೆ ನಾವು ಟ್ರಿಪ್ ಹೋಗ್ತೀವಿ, ಸೆಲ್ಫಿ ತಗೋತೀವಿ, ಬರ್ತೀವಿ. 2016ರ ಡಿಸೆಂಬರ್ 22ರಂದು ಅದೇ ಮುಂಡಗೋಡದ ಡ್ರೆಪುಂಗ್ ಮಠದಲ್ಲಿ 20 ಭಿಕ್ಷುಣಿಯರಿಗೆ ದಲೈ ಲಾಮಾ ಗೆಶೆಮಾ ಪದವಿ ಕೊಟ್ಟರು. ಬೌದ್ಧ ಶಾಸ್ತ್ರದಲ್ಲಿ ಡಾಕ್ಟರೇಟ್ ಇದ್ದ ಹಾಗೆ. ಶತಮಾನಗಳ ಕಾಲ ಅದು ಗಂಡಸರ ಪದವಿಯಾಗಿತ್ತು. ಈ ಹೆಣ್ಣುಮಕ್ಕಳು ವರ್ಷಗಟ್ಟಲೆ ಒಟ್ಟಿಗೆ ಇದ್ದು ಓದಿದವರು. ಅವರ ಓದಿನ ಕ್ರಮವೇ ವಾದ. ಒಬ್ಬಳು ಕೂತಿರ್ತಾಳೆ, ಇನ್ನೊಬ್ಬಳು ಎದುರಿಗೆ ನಿಂತು ಚಪ್ಪಾಳೆ ಹೊಡೆದು ಪ್ರಶ್ನೆ ಹಾಕ್ತಾಳೆ. ಅಂದ್ರೆ ಒಬ್ಬಳೇ ಕೂತು ಪಂಡಿತೆ ಆಗೋಕೆ ಸಾಧ್ಯವೇ ಇಲ್ಲ, ಎದುರಿಗೆ ಇನ್ನೊಬ್ಬಳು ಬೇಕೇ ಬೇಕು. ನನ್ನನ್ನ ಎದ್ದು ನಿಲ್ಲಿಸಿದ ಅಕ್ಕ ಮಾಡಿದ್ದೂ ಇದನ್ನೇ.

ಏಳು ದಿನದ ಕ್ಯಾಂಪ್, ಮೂರು ತಿಂಗಳ ಓಡಾಟ

ಸೇವೆ ಅಂದ್ರೆ ನಮ್ಮ ಕಾಲೇಜುಗಳಲ್ಲಿ ಎನ್.ಎಸ್.ಎಸ್. ಇದು ಶುರುವಾಗಿದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿ ಹುಟ್ಟಿದ ನೂರನೇ ವರ್ಷದ ನೆನಪಲ್ಲಿ. ಶುರು ಮಾಡಿದ ಶಿಕ್ಷಣ ಮಂತ್ರಿ ಡಾ. ವಿ.ಕೆ.ಆರ್.ವಿ. ರಾವ್, ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದವರು. 37 ವಿಶ್ವವಿದ್ಯಾಲಯ, 40,000 ವಿದ್ಯಾರ್ಥಿಗಳಿಂದ ಶುರುವಾಯ್ತು. ಎರಡು ವರ್ಷದಲ್ಲಿ 240 ಗಂಟೆ ಕೆಲಸ, ಜೊತೆಗೆ ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ. 'ನನಗಲ್ಲ, ನಿಮಗೆ' ಅನ್ನೋದು ಅದರ ಧ್ಯೇಯವಾಕ್ಯ.

ಕ್ಯಾಂಪ್ ಬಗ್ಗೆ ಸುಳ್ಳು ಹೇಳಲ್ಲ. ನಾವು ಏಳು ದಿನ ಗುಡಿಸಿದ ರಸ್ತೆ ಎಂಟನೇ ದಿನ ಮತ್ತೆ ಹಾಗೇ ಇರುತ್ತೆ. ಊರಿನವರಿಗೂ ಗೊತ್ತು, ನಮಗೂ ಗೊತ್ತು. ಕ್ಯಾಂಪ್‌ಫೈರ್, ಹಾಡು, ಡಾನ್ಸ್, ಫೋಟೊ. ಅದೂ ಬೇಕು. ಆದ್ರೆ ನಮ್ಮ ಕ್ಯಾಂಪಲ್ಲಿ ನಾಲ್ಕನೇ ದಿನ ಮನೆಮನೆ ಸರ್ವೆಗೆ ಹೋದಾಗ ಗೌಳಿವಾಡದ ಒಂದು ಅಜ್ಜಿ ಸಿಕ್ಕಳು. ಗಂಡ ಹೋಗಿ ಆರು ವರ್ಷ. ವಿಧವಾ ವೇತನ ಬರ್ತಿಲ್ಲ. ಯಾಕೆ ಅಂದ್ರೆ ಆಧಾರ್ ಕಾರ್ಡಲ್ಲಿ ಒಂದು ಹೆಸರು, ರೇಷನ್ ಕಾರ್ಡಲ್ಲಿ ಇನ್ನೊಂದು. ಗಂಡನ ಮರಣ ಪತ್ರವೇ ಇಲ್ಲ. ನಮ್ಮಲ್ಲಿ ಅವಳ ಮಾತು ಪೂರ್ತಿ ತಿಳಿದದ್ದು ನನ್ನ ಗೌಳಿ ರೂಮ್‌ಮೇಟ್‌ಗೆ ಮಾತ್ರ. ಪಟ್ಟಿ ಮಾಡಿ ಸೇರಿಸಿದ ರೂಮು ಅಂದೆನಲ್ಲ, ಅದರ ಉಪಯೋಗ ಅವತ್ತು ಗೊತ್ತಾಯ್ತು.

ಏಳು ದಿನದಲ್ಲಿ ಆ ಕೆಲಸ ಮುಗೀಲಿಲ್ಲ. ಕ್ಯಾಂಪ್ ಮುಗಿದ ಮೇಲೆ ನಾವಿಬ್ಬರೂ ಮೂರು ತಿಂಗಳು ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಓಡಾಡಿದೆವು. ಪಂಚಾಯ್ತಿ, ನಾಡಕಚೇರಿ, ಜೆರಾಕ್ಸ್ ಅಂಗಡಿ, ಮತ್ತೆ ನಾಡಕಚೇರಿ. ಇದು ಯಾವ 240 ಗಂಟೆಯ ಲೆಕ್ಕದಲ್ಲೂ ಬರಲಿಲ್ಲ. ಆದೇಶ ಬಂದ ದಿನ ಅಜ್ಜಿ ನಮಗೆ ಒಂದು ತಂಬಿಗೆ ಎಮ್ಮೆ ಹಾಲು ಕೊಟ್ಟಳು. ಹಾಸ್ಟೆಲ್ಲಿಗೆ ತಂದು ಕಾಯಿಸಿ ಹನ್ನೊಂದು ಜನ ಕುಡಿದೆವು. ಇಬ್ಬರು ಮಾಡಿದ ಕೆಲಸ ಹೌದು, ಆದ್ರೆ ನಾವು ಊರೂರು ತಿರುಗುವಾಗ ನಮ್ಮ ಪಾಳಿಯ ಕೆಲಸ ಮಾಡಿದ್ದು, ನೋಟ್ಸ್ ಬರೆದುಕೊಟ್ಟಿದ್ದು ಉಳಿದ ಒಂಬತ್ತು ಜನ.

ಅಕ್ಕ ಬಂದಳು

ಈಗ ಆ ಅಕ್ಕನ ಕತೆ. 2017ರ ಮಾರ್ಚ್, ನನ್ನ ಎರಡನೇ ಸೆಮಿಸ್ಟರ್. ಹೋಳಿ ಹಬ್ಬಕ್ಕೆ ಮನೆಗೆ ಹೋದೆ. ಅಪ್ಪ ಮರದಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಆಯಿ ಒಬ್ಬಳೇ. ತಮ್ಮ ಚಿಕ್ಕವನು. ಯಾರೂ ನನಗೆ 'ಹೋಗಬೇಡ' ಅನ್ನಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ. ಒಂದು ವಾರ ಆಯ್ತು, ಎರಡು ವಾರ ಆಯ್ತು. ನಮ್ಮೂರಲ್ಲಿ ನೆಟ್‌ವರ್ಕ್ ಇಲ್ಲ, ಫೋನ್ ಬಂದ್ ಆಗಿ ಮೂಲೆಯಲ್ಲಿ ಬಿದ್ದಿತ್ತು. ಓದು ಮುಗೀತು ಅಂತ ನಾನೇ ಅಂದ್ಕೊಂಡಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಯಾರೋ ನಿಂತಿದಾರೆ. ನೋಡಿದ್ರೆ ಅಕ್ಕ. ಹಳಿಯಾಳದಿಂದ ಜೋಯಿಡಾಕ್ಕೆ ಬಸ್, ಅಲ್ಲಿಂದ ಇನ್ನೊಂದು ಬಸ್, ಆಮೇಲೆ ದಾರಿ ಕೇಳ್ತಾ ಕೇಳ್ತಾ ಕಾಡಿನ ಹಾದಿಯಲ್ಲಿ ಗಂಟೆಗಟ್ಟಲೆ ನಡಿಗೆ. ಚಪ್ಪಲಿ ಕಿತ್ತಿತ್ತು.

ಅವಳು ಭಾಷಣ ಮಾಡಲಿಲ್ಲ. ಹೆಣ್ಣುಮಕ್ಕಳನ್ನ ಓದಿಸಬೇಕು ಅಂತೆಲ್ಲ ಹೇಳಲಿಲ್ಲ. ಅನ್ನ ಉಂಡಳು. ಸುಟ್ಟ ಗೆಡ್ಡೆ ತಿಂದಳು. ಅಪ್ಪನ ಕಾಲು ನೋಡಿದಳು. ಸಂಜೆ ಆಯಿಗೆ ಅಂದಳು: 'ಆಯೀ, ಪರೀಕ್ಷೆ ಮುಗಿಸಿ ಬರಲಿ. ಆಮೇಲೆ ನೀವು ಹೇಗೆ ಹೇಳ್ತೀರೋ ಹಾಗೆ.' ಪರೀಕ್ಷೆ ಫೀ ಕಟ್ಟೋ ಕೊನೇ ದಿನ ಮುಗಿದಿತ್ತು. ದಂಡ ಸೇರಿಸಿ ಹಾಸ್ಟೆಲ್ ಹುಡುಗೀರು ಒಟ್ಟು ಮಾಡಿ ಕಟ್ಟಿಬಿಟ್ಟಿದ್ರು. ಅದನ್ನ ಅವಳು ನಮ್ಮ ಮನೆಯಲ್ಲಿ ಹೇಳಲೇ ಇಲ್ಲ. ನನಗೆ ಬಸ್ಸಲ್ಲಿ ಹೇಳಿದಳು.

ನಾನು ಇವತ್ತು ಶಾಲೆಯಲ್ಲಿ ಬೋರ್ಡ್ ಮುಂದೆ ನಿಲ್ತೇನೆ ಅಂದ್ರೆ ಆ ಭಾನುವಾರದಿಂದ.

ನಾನು ಹೋಗಲಿಲ್ಲ

ಈಗ ನನ್ನ ತಪ್ಪು.

2018, ನಾನು ಫೈನಲ್ ಇಯರ್. ಈಗ ನಾನೇ ಅಕ್ಕ. ನನ್ನ ಪಕ್ಕದ ಮಂಚಕ್ಕೆ ಸೆಕೆಂಡ್ ಇಯರ್ ಹುಡುಗಿ ಬಂದಿದ್ಲು, ಮುಂಡಗೋಡ ಕಡೆಯವಳು. ಚುರುಕು. ಪಂಚಮಿ ಹಬ್ಬಕ್ಕೆ ಊರಿಗೆ ಹೋದಳು. ನಮ್ಮ ಕಡೆ ಗೊತ್ತಲ್ಲ, ಪಂಚಮಿ ಅಂದ್ರೆ ಹೆಣ್ಣುಮಕ್ಕಳು ತವರಿಗೆ ಬರೋ ಹಬ್ಬ. ಉಂಡಿ, ಜೋಕಾಲಿ. ನಾಲ್ಕು ದಿನಕ್ಕೆ ಬರ್ತೇನೆ ಅಂದವಳು ಬರಲಿಲ್ಲ. ಫೋನ್ ಸ್ವಿಚ್ ಆಫ್.

ನನಗೆ ಅರ್ಥವಾಯ್ತು. ಹೋಗಬೇಕು ಅನ್ನಿಸ್ತು. ಆದ್ರೆ ಇಂಟರ್ನಲ್ ಟೆಸ್ಟ್ ಇತ್ತು, ಸೆಮಿನಾರ್ ಇತ್ತು, ಮಳೆ ಜೋರಿತ್ತು. ಬಸ್ ಚಾರ್ಜಿಗೂ ದುಡ್ಡಿರಲಿಲ್ಲ. ಮುಂದಿನ ವಾರ ಹೋಗ್ತೇನೆ, ಟೆಸ್ಟ್ ಮುಗಿದ ಮೇಲೆ ಹೋಗ್ತೇನೆ ಅಂತ ಮುಂದೆ ಹಾಕ್ತಾ ಹೋದೆ. ಟೆಸ್ಟ್ ಮುಗಿಯೋ ಹೊತ್ತಿಗೆ ಅವಳ ಮದುವೆ ಗೊತ್ತಾಗಿದೆ ಅಂತ ಸುದ್ದಿ ಬಂತು. 'ಇನ್ನೇನು ಮಾಡೋದು' ಅಂದ್ಕೊಂಡು ಸುಮ್ಮನಾದೆ.

2023ರಲ್ಲಿ ಬಸ್ಸಲ್ಲಿ ಸಿಕ್ಕಳು. ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿತ್ತು, ಬಸ್ ತುಂಬ ಹೆಂಗಸರು. ಮಡಿಲಲ್ಲಿ ಮಗು. ನನ್ನ ಗುರುತು ಹಿಡಿದು ಜಾಗ ಮಾಡಿಕೊಟ್ಟಳು. ಬೈತಾಳೆ ಅಂದ್ಕೊಂಡೆ. ಬೈಯ್ಯಲಿಲ್ಲ. ನಗ್ತಾ ಹೇಳಿದ್ಲು: 'ಅಕ್ಕಾ, ನೀವು ಬರ್ತೀರಿ ಅಂತ ಎರಡು ವಾರ ಬ್ಯಾಗ್ ಬಿಚ್ಚಿರಲಿಲ್ಲ.'

ನನ್ನನ್ನ ಅಕ್ಕ ಹುಡುಕ್ಕೊಂಡು ಬಂದ ಕತೆಯನ್ನ ಅವಳಿಗೆ ಹೇಳಿದ್ದು ನಾನೇ. ರಾತ್ರಿ ಮಲಗುವಾಗ ಎಷ್ಟೋ ಸಲ ಹೇಳಿದ್ದೆ. ಅದನ್ನ ನಂಬಿ ಅವಳು ಕಾದಳು.

ನಾನು ಹೋಗಿದ್ರೆ ಅವಳ ಮನೆಯವರು ಒಪ್ಪುತ್ತಿದ್ದರಾ? ಗೊತ್ತಿಲ್ಲ. ಒಪ್ಪದೇ ಇರಬಹುದಿತ್ತು. ಆದ್ರೆ ಕೇಳೋಕೆ ಯಾರೂ ಬರಲಿಲ್ಲ ಅನ್ನೋದು ಅವಳಿಗೆ ಉಳೀತಿರಲಿಲ್ಲ.

ಸಿಮ್ ಬದಲಾದ್ರೆ ಗೆಳೆತನ ಮುಗೀತಾ?

ಅವತ್ತಿಂದ ನಾನು ಯೋಚನೆ ಮಾಡ್ತಿರೋದು ಇದನ್ನೇ. ನಮ್ಮ ಹಾಸ್ಟೆಲ್‌ಗಳಲ್ಲಿ ಅಕ್ಕತಂಗಿತನಕ್ಕೆ ಕೊರತೆ ಇಲ್ಲ. ಸೊರೊರಿಟಿಗಿಂತ ಒಂದು ಕೈ ಹೆಚ್ಚೇ ಇದೆ, ಯಾಕಂದ್ರೆ ನಾವು ನಮ್ಮಂಥವರನ್ನ ಮಾತ್ರ ಆರಿಸಿಕೊಂಡಿಲ್ಲ. ಕೊರತೆ ಇರೋದು ಬೇರೆ ಕಡೆ. ನಮ್ಮದು ಆಯಾ ಅಕ್ಕನ ಒಳ್ಳೆಯ ಮನಸ್ಸಿನ ಮೇಲೆ ನಿಂತಿದೆ. ನನ್ನ ಅಕ್ಕನಿಗೆ ಮನಸ್ಸಾಯ್ತು, ಬಂದಳು. ನನಗೆ ಟೆಸ್ಟ್ ಇತ್ತು, ಹೋಗಲಿಲ್ಲ. ಅವರಲ್ಲಿ ಇದು ಮನಸ್ಸಿಗೆ ಬಿಟ್ಟ ವಿಷಯ ಅಲ್ಲ, ಕ್ರಮ. ಹೊಸದಾಗಿ ಬಂದ ಪ್ರತಿ ಹುಡುಗಿಗೂ ಒಬ್ಬ ದೊಡ್ಡ ಅಕ್ಕನನ್ನ ಗೊತ್ತು ಮಾಡ್ತಾರೆ. ಮತ್ತೆ ಒಮ್ಮೆ ಸದಸ್ಯೆ ಆದ್ರೆ ಜೀವನಪೂರ್ತಿ ಸದಸ್ಯೆ, ಊರೂರಲ್ಲಿ ಓದು ಮುಗಿಸಿದವರ ಶಾಖೆಗಳಿವೆ.

ನಮ್ಮಲ್ಲಿ ಏನಾಗುತ್ತೆ? ಫೇರ್‌ವೆಲ್ ದಿನ ಅಳ್ತೀವಿ. ವಾಟ್ಸಾಪ್ ಗ್ರೂಪ್ ಮಾಡ್ತೀವಿ. ಒಂದು ವರ್ಷ ಗುಡ್ ಮಾರ್ನಿಂಗ್. ಆಮೇಲೆ ಒಬ್ಬೊಬ್ಬಳದೇ ಮದುವೆ. ಸಿಮ್ ಬದಲಾಗುತ್ತೆ, ಹೆಸರು ಬದಲಾಗುತ್ತೆ, ಕೆಲವರಿಗೆ ಫೋನೇ ಇರಲ್ಲ. ಹುಡುಗರ ಗೆಳೆತನ ಚಹಾದ ಅಂಗಡಿಯಲ್ಲಿ ಉಳಿಯುತ್ತೆ, ಯಾಕಂದ್ರೆ ಅವರು ಅದೇ ಊರಲ್ಲಿ ಇರ್ತಾರೆ. ನಾವು ಊರು ಬಿಡ್ತೀವಿ. ಹಾಗಾಗಿ ನಮ್ಮ ಗೆಳೆತನಕ್ಕೆ ಸ್ವಲ್ಪ ಏರ್ಪಾಡು ಬೇಕು.

ಬಸ್ಸಲ್ಲಿ ಆ ತಂಗಿ ಸಿಕ್ಕ ಮೇಲೆ ನಾನು ಹಳೇ ನೋಟ್‌ಬುಕ್ ತೆಗೆದು ಹನ್ನೊಂದು ಜನರನ್ನ ಹುಡುಕಿದೆ. ಎಂಟು ಜನ ಸಿಕ್ಕಿದರು. ಈಗ ವರ್ಷಕ್ಕೊಮ್ಮೆ ಸೇರ್ತೀವಿ. ಎಲ್ಲಿ ಗೊತ್ತಾ? ಉಳವಿ ಜಾತ್ರೆಯಲ್ಲಿ, ಭಾರತ ಹುಣ್ಣಿಮೆಗೆ. ಯಾಕೆ ಅಲ್ಲಿ? 'ಗೆಳತಿಯರ ಜೊತೆ ಸುತ್ತೋಕೆ ಹೋಗ್ತೇನೆ' ಅಂದ್ರೆ ಅತ್ತೆ ಮನೆಯಲ್ಲಿ ನೂರು ಪ್ರಶ್ನೆ. 'ಉಳವಿ ಚನ್ನಬಸವಣ್ಣನ ಜಾತ್ರೆಗೆ ಹೋಗ್ತೇನೆ' ಅಂದ್ರೆ ಯಾರೂ ಬೇಡ ಅನ್ನಲ್ಲ. ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಜನ ಬರ್ತಾರೆ. ನಮ್ಮ ದಾಂಡೇಲಿ ಗೆಳತಿಯೂ ಬರ್ತಾಳೆ, ಬಿರಿಯಾನಿ ತರಬೇಡ ಅಂತ ಮಾತ್ರ ಹೇಳಿದೀವಿ! ಬಸ್ಸು ಫ್ರೀ, ಆಧಾರ್ ಕಾರ್ಡ್ ಇದ್ರೆ ಸಾಕು. ಮೊದಲಾದ್ರೆ ಬಸ್ ಚಾರ್ಜಿಗೆ ಗಂಡನ ಹತ್ತಿರ ಕೇಳಬೇಕಿತ್ತು. ಆ ಒಂದು ಕೇಳೋದು ತಪ್ಪಿದ್ದರಿಂದ ಎಷ್ಟೋ ಗೆಳೆತನ ಮತ್ತೆ ಜೀವ ಪಡೆದಿದೆ, ಇದನ್ನ ಯಾರೂ ಲೆಕ್ಕ ಹಾಕಿರಲಿಕ್ಕಿಲ್ಲ.

ಬ್ಯಾಗ್ ಬಿಚ್ಚದೇ ಕಾದ ತಂಗಿಯೂ ಈಗ ನಮ್ಮ ಜೊತೆ ಬರ್ತಾಳೆ. ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ.ಗೆ ಹೆಸರು ಹಚ್ಚಿದಾಳೆ. ಫೀ ನಾವು ಎಂಟು ಜನ ಹಂಚಿಕೊಂಡೆವು. ಮೊದಲ ವರ್ಷದಲ್ಲಿ ಇಂಗ್ಲಿಷ್ ಉಳಿಸಿಕೊಂಡಿದಾಳೆ, ಈ ಸಲ ಮತ್ತೆ ಬರೀತಾಳೆ. ಇದರಿಂದ ನನ್ನ ತಪ್ಪು ಸರಿ ಹೋಯ್ತು ಅಂತ ನಾನು ಅಂದ್ಕೊಂಡಿಲ್ಲ. ಅವಳ ಐದು ವರ್ಷ ಐದು ವರ್ಷವೇ.

ಈಗಲೇ ಮಾಡಬಹುದಾದ ಮೂರು ಕೆಲಸ

ಕೇಳ್ತಿರೋ ಸೀನಿಯರ್‌ಗಳಿಗೆ ಮೊದಲು ಒಂದು ಮಾತು. ಅಕ್ಕ ಆಗೋದು ಅಂದ್ರೆ ಅಧಿಕಾರ ಅಲ್ಲ. ಹೊಸಬರನ್ನ ಹಿಂಸೆ ಮಾಡಿ ಸೇರಿಸಿಕೊಳ್ಳೋ ಪದ್ಧತಿಯಿಂದ ಅಮೆರಿಕದ ಈ ಸಂಘಗಳಲ್ಲಿ ಜೀವಗಳೇ ಹೋಗಿವೆ. ನಮ್ಮಲ್ಲಿ ಅದಕ್ಕೆ ರ‍್ಯಾಗಿಂಗ್ ಅಂತಾರೆ, ಅದು ಅಪರಾಧ. ನಿಮಗೆ ಹಾಗೇನಾದ್ರೂ ಆಗ್ತಿದ್ರೆ 1800-180-5522ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಸಹಾಯವಾಣಿ, ದಿನದ 24 ಗಂಟೆ ಇರುತ್ತೆ.

ಇನ್ನು ಮೂರು ಕೆಲಸ.

ಒಂದು. ನಿಮ್ಮ ಹಾಸ್ಟೆಲ್‌ನಲ್ಲಿ ಅಥವಾ ಕ್ಲಾಸಲ್ಲಿ ಒಂದು ನೋಟ್‌ಬುಕ್ ಇಡಿ. ಫೋನಲ್ಲಲ್ಲ, ಪೇಪರ್ ಮೇಲೆ. ಪ್ರತಿಯೊಬ್ಬಳ ನಂಬರ್ ಜೊತೆಗೆ ಅವಳ ಅವ್ವನ ನಂಬರ್, ಊರಿಗೆ ಹೋಗೋ ಬಸ್ಸು, ಬಸ್ ಇಳಿದ ಮೇಲೆ ದಾರಿ. ನಮ್ಮ ಅಕ್ಕ ದಾರಿ ಕೇಳ್ತಾ ಬಂದಳು. ನೀವು ಬರೆದಿಟ್ಕೊಳ್ಳಿ.

ಎರಡು. ಫೈನಲ್ ಇಯರ್ ಹುಡುಗಿ ಒಬ್ಬಳಿಗೆ ಫಸ್ಟ್ ಇಯರ್ ಹುಡುಗಿ ಒಬ್ಬಳು. ಹೆಸರು ಬರೆದು ಗೊತ್ತು ಮಾಡಿ. ನಿಮ್ಮ ಜಾತಿಯವಳು, ನಿಮ್ಮ ಊರಿನವಳು ಬೇಡ, ಚೀಟಿ ಎತ್ತಿ. ಹಬ್ಬಕ್ಕೆ ಹೋದವಳು ಒಂದು ವಾರದೊಳಗೆ ಬರದಿದ್ರೆ ಫೋನ್. ಎರಡನೇ ವಾರ ಬಸ್. ಟೆಸ್ಟ್ ಇದ್ರೂ ಬಸ್. ಒಬ್ಬಳೇ ಹೋಗಬೇಡಿ, ಇಬ್ಬರು ಹೋಗಿ, ವಾರ್ಡನ್ ಮೇಡಮ್‌ಗೆ ಹೇಳಿ ಹೋಗಿ. ಹದಿನೆಂಟು ತುಂಬದವಳ ಮದುವೆ ಅಂತ ಗೊತ್ತಾದ್ರೆ ಬಸ್ ಹತ್ತೋಕೂ ಮುಂಚೆ 1098ಕ್ಕೆ ಫೋನ್ ಮಾಡಿ.

ಮೂರು. ಕಾಲೇಜು ಬಿಡೋ ದಿನ ಒಂದು ಜಾಗ, ಒಂದು ದಿನ ಗೊತ್ತು ಮಾಡಿಕೊಳ್ಳಿ. ಯಾವ ಅತ್ತೆಯೂ ಬೇಡ ಅನ್ನದ ಜಾಗ ಇರಲಿ. ಜಾತ್ರೆ ಇರಲಿ, ಉರೂಸ್ ಇರಲಿ, ಜೋಯಿಡಾದ ಗೆಡ್ಡೆ ಗೆಣಸಿನ ಮೇಳ ಇರಲಿ. ಹತ್ತು ಜನರಲ್ಲಿ ನಾಲ್ಕೇ ಜನ ಬಂದ್ರೂ ಸೇರಿ. ಬರದವರ ಮನೆಗೆ ಆ ನಾಲ್ಕು ಜನ ಹೋಗಬಹುದು.

ಆ ಹತ್ತನೇ ಕ್ಲಾಸಿನ ಹುಡುಗಿಗೆ ನಾನು ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಮುಂದಿನ ವರ್ಷ ಅವಳು ಪಿಯುಸಿಗೆ ಹಾಸ್ಟೆಲ್ ಸೇರ್ತಾಳೆ. ಬ್ಯಾಗಿಗೆ ಹಾಕಿಕೊಡೋಕೆ 40 ಪುಟದ ಒಂದು ನೋಟ್‌ಬುಕ್ ತಂದಿಟ್ಟಿದೀನಿ. ಮೊದಲ ಪುಟದಲ್ಲಿ ನನ್ನ ನಂಬರ್ ಬರೆದಿದೀನಿ.

ಇಷ್ಟೇ ನನ್ನ ಮಾತು. ಈ ಕಂತು ಮುಗಿದ ಕೂಡ್ಲೇ ಇನ್ನೊಂದಕ್ಕೆ ಹೋಗಬೇಡಿ. ನಿಮ್ಮ ಹಾಸ್ಟೆಲ್ ಅಕ್ಕನಿಗೋ ತಂಗಿಗೋ ಒಂದು ಫೋನ್ ಮಾಡಿ. ನಂಬರ್ ಹತ್ತಲಿಲ್ಲ ಅಂದ್ರೆ ಅವಳ ಅವ್ವನಿಗೆ ಮಾಡಿ.